ಬೆತ್ಲೆಹೇಮಿಗೆ ಬಂದ ಕೊರವಂಜಿ

ನಾವು ವಾಸವಾಗಿರುವ ಡುವಾಲ್, ಸಿಯಾಟಲ್ ನಗರದ ಪೂರ್ವಕ್ಕೆ ಸ್ನೋಕ್ವಾಲ್ಮಿ ನದಿಯ ಕಣಿವೆಯಲ್ಲಿರುವ ಒಂದು ಸಣ್ಣ ಊರು. ಚಳಿಗಾಲದ ಮಳೆಗೆ ನದಿ ಉಕ್ಕಿ ಹೊಲಗಳೆಲ್ಲ ಕೆರೆಯಾದಾಗ ನಮ್ಮ ಮಲೆನಾಡಿನ ನೆನಪಾಗದೆ ಇರದು. ಅಂಥ ಒಂದು ಕ್ರಿಸ್‌ಮಸ್ ಸಮಯದಲ್ಲಿ ನೆರೆಮನೆಯವರ ಒತ್ತಾಯಕ್ಕೆ ಮಣಿದು ಅವರ ಚರ್ಚಿನಲ್ಲಿ ನಡೆದ ನಾಟಕಕ್ಕೆ ಸಕುಟುಂಬ ಹೋಗಿದ್ದೆವು. ಭಕ್ತಿಪ್ರಧಾನವಾದ ಗಂಭೀರ ನಾಟಕವಿರಬಹುದೆಂದು ಭಾವಿಸಿದ್ದ ನಮಗೆ ಆಶ್ಚರ್ಯ ಕಾದಿತ್ತು. ಕುರಿ ಕಾಯುವವರಲ್ಲಿ ಒಬ್ಬ, ದೇವದೂತನೇ ಬಂದು ಎಬ್ಬಿಸಿದರೂ ಏಳಲೊಲ್ಲದ ಕುಂಭಕರ್ಣ. ಛತ್ರದ ಯಜಮಾನನೋ, ಲೆಕ್ಕದ ಪುಸ್ತಕದಿಂದ ತಲೆಯೆತ್ತದ ಕಡುಜಿಪುಣ. ಸಭೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಕೊನೆಗೆ ಆ ನಿದ್ದೆಬುರುಕನೇ ತನ್ನ ಏಕೈಕ ಕಂಬಳಿಯನ್ನು ತಂದು ಮಗುವಿಗೆ ಹೊದಿಸಿದಾಗ ಅಷ್ಟೇ ನಿಶ್ಶಬ್ದವಾಯಿತು.

ಮನೆಗೆ ಹಿಂತಿರುಗುವಾಗ ನನ್ನ ಮಗಳಿಗೆ ಒಂದು ಸಂಶಯ ಬಂತು. ದೇವರ ಮನೆಯಲ್ಲಿ ಹಾಗೆ ನಗಬಹುದೇ ಎಂದು. ನಮ್ಮೂರಿನ ಶ್ರೀನಿವಾಸ ಕಲ್ಯಾಣದ ಆಟದಲ್ಲಿ ಸಾಕ್ಷಾತ್ ವೆಂಕಟೇಶನೇ ಸೀರೆಯುಟ್ಟು, ಬುಟ್ಟಿ ಹೊತ್ತು, ಕೊರವಂಜಿಯಾಗಿ ಪದ್ಮಾವತಿಗೆ ಕಣಿ ಹೇಳಲು ಬರುವುದನ್ನೂ, ಆ ವೇಷಕ್ಕೆ ಹೆಂಗಸರು ಮಕ್ಕಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದುದನ್ನೂ ಅವಳಿಗೆ ಹೇಳಿದೆ. ಹೇಳುತ್ತಿದ್ದಂತೆಯೇ ಇನ್ನೊಬ್ಬ ಕೊರವಂಜಿಯ ನೆನಪಾಯಿತು. ಅವಳನ್ನು ಸುಮಾರು ಇನ್ನೂರು ವರ್ಷಗಳ ಹಿಂದೆ ಕ್ರೈಸ್ತ ದೇವಾಲಯದ ಅಂಗಳಕ್ಕೆ ಕರೆತಂದವರು ತಂಜಾವೂರಿನ ವೇದನಾಯಕಂ ಶಾಸ್ತ್ರಿಗಳು. ತಮಿಳು ಕ್ರೈಸ್ತರಲ್ಲಿ ಇವರ ಹೆಸರು ಮನೆಮಾತು. ಕನ್ನಡಿಗರಾದ ನಮಗೆ ಅಷ್ಟಾಗಿ ಪರಿಚಯವಿಲ್ಲ. ನಾನು ಮೊದಲು ಇವರ ಹೆಸರು ಕೇಳಿದ್ದು ರೆಸಿಡೆನ್ಸಿಯ ದಿನಗಳಲ್ಲಿ. ನನ್ನೊಡನೆ ರಾತ್ರಿಪಾಳಿ ಮಾಡುತ್ತಿದ್ದ ತಂಜಾವೂರು ಕಡೆಯ ಗೆಳೆಯನೊಬ್ಬ ಬೆಳಗಿನ ಜಾವ ಕೇಸ್ ಷೀಟು ಬರೆಯುತ್ತಾ ಒಂದು ಹಾಡನ್ನು ಗುನುಗುತ್ತಿದ್ದ. ಧಾಟಿ ಕೇಳಿ ದೇವರನಾಮವೆಂದುಕೊಂಡಿದ್ದೆ. ದೇವರನಾಮವೇ ನಿಜ, ಆದರೆ ದೇವರು ಯೇಸುಸ್ವಾಮಿ, ಕವಿ ವೇದನಾಯಕಂ ಶಾಸ್ತ್ರಿ.

ವೇದನಾಯಕಂ ಹುಟ್ಟಿದ್ದು 1774ರ ಸೆಪ್ಟೆಂಬರಿನಲ್ಲಿ, ತಿರುನೆಲ್ವೇಲಿ ಸೀಮೆಯಲ್ಲಿ. ವೆಳ್ಳಾಳರ ಮನೆತನ, ಅಂದರೆ ಶೈವ ಸಂಪ್ರದಾಯದ, ಊರಿನಲ್ಲಿ ಮಾನಮರ್ಯಾದೆಯುಳ್ಳ ಭೂಮಿವಂತ ಜಾತಿ. ತಂದೆ ತಮಿಳು ಸಾಹಿತ್ಯವನ್ನು ಚೆನ್ನಾಗಿ ಬಲ್ಲವರು. ಕ್ರೈಸ್ತಮತವನ್ನು ಸ್ವೀಕರಿಸಿ ದೇವಸಹಾಯಂ ಎಂಬ ಹೆಸರು ಪಡೆದು ಉಪದೇಶಿಯಾಗಿ ಕೆಲಸ ಮಾಡುತ್ತಿದ್ದರು. 1785ರಲ್ಲಿ ಪಾಳಯಂಕೋಟೆಗೆ ಬಂದ ಜರ್ಮನ್ ಪಾದ್ರಿಯೊಬ್ಬರು ಈ ಚುರುಕು ಹುಡುಗನನ್ನು ಕಂಡು ಮೆಚ್ಚಿ, ತಂದೆಯನ್ನು ಒಪ್ಪಿಸಿ ತಮ್ಮೊಡನೆ ತಂಜಾವೂರಿಗೆ ಕರೆದುಕೊಂಡು ಹೋದರು. ಆ ಪಾದ್ರಿಯೇ ಸುಪ್ರಸಿದ್ಧ ಕ್ರಿಶ್ಚಿಯನ್ ಫ್ರೆಡ್ರಿಕ್ ಷ್ವಾರ್ಟ್ಸ್.

ಷ್ವಾರ್ಟ್ಸ್ ಎಂಬ ಹೆಸರು ಮೈಸೂರಿನ ಇತಿಹಾಸ ಓದಿದವರಿಗೆ ಹೊಸದಲ್ಲ. 1779ರಲ್ಲಿ ಮದರಾಸಿನ ಕಂಪನಿ ಸರ್ಕಾರ ಇವರನ್ನು ಸಂಧಾನಕ್ಕಾಗಿ ಶ್ರೀರಂಗಪಟ್ಟಣಕ್ಕೆ, ಹೈದರಾಲಿಯ ಬಳಿಗೆ ಕಳುಹಿಸಿತ್ತು. ಕಂಪನಿಯವರ ಮಾತಿನಲ್ಲಿ ಎಳ್ಳಷ್ಟೂ ನಂಬಿಕೆಯಿಲ್ಲದಿದ್ದ ಹೈದರನು ಈ ಪಾದ್ರಿಯನ್ನು ಮಾತ್ರ ನಂಬಿದನೆಂದು ಪ್ರಸಿದ್ಧಿ. ಸಂಧಾನ ಫಲಿಸಲಿಲ್ಲ, ಮರುವರ್ಷವೇ ಯುದ್ಧ ಬಂತು. ಅದಿರಲಿ. ಮದುವೆಯಾಗದೆ, ಮನೆಮಠವಿಲ್ಲದೆ ನಲವತ್ತೆಂಟು ವರ್ಷಗಳನ್ನು ನಮ್ಮ ದೇಶದಲ್ಲಿಯೇ ಕಳೆದ ಈತ ತಮಿಳು, ಮರಾಠಿ, ಪಾರ್ಸಿ ಭಾಷೆಗಳನ್ನು ಕಲಿತವರು. ತಂಜಾವೂರಿನ ಮರಾಠ ಅರಸ ತುಳಜಾಜಿ ತಾನು ದತ್ತು ತೆಗೆದುಕೊಂಡ ಬಾಲಕ ಶರಭೋಜಿಯ ಯೋಗಕ್ಷೇಮವನ್ನು ಇವರಿಗೆ ಒಪ್ಪಿಸಿ 1787ರಲ್ಲಿ ತೀರಿಕೊಂಡ. ಹೀಗೆ ಒಬ್ಬ ರಾಜಕುಮಾರನೂ ಒಬ್ಬ ಉಪದೇಶಿಯ ಮಗನೂ ಒಬ್ಬರೇ ಗುರುವಿನ ಆಶ್ರಯದಲ್ಲಿ ಬೆಳೆದರು. ವಯಸ್ಸಿನಲ್ಲಿ ವೇದನಾಯಕಂ ಮೂರು ವರ್ಷ ದೊಡ್ಡವರು.

(ತಂಜಾವೂರಿನ ಈ ಮರಾಠ ಮನೆತನಕ್ಕೂ ನಮ್ಮ ಬೆಂಗಳೂರಿಗೂ ಹಳೆಯ ನಂಟು. ಷಹಾಜಿಯ ಮಗ ಏಕೋಜಿ ಬೆಂಗಳೂರಿನ ಜಹಗೀರಿನಿಂದಲೇ ಹೊರಟು ತಂಜಾವೂರನ್ನು ಹಿಡಿದದ್ದು.)

ಷ್ವಾರ್ಟ್ಸ್ ಹುಡುಗನನ್ನು 1789ರಲ್ಲಿ ತರಂಗಂಬಾಡಿಗೆ ಕಳುಹಿಸಿದರು. ಡೇನರ ವಶದಲ್ಲಿದ್ದ ಈ ಸಣ್ಣ ರೇವುಪಟ್ಟಣದಲ್ಲಿ 1706ರಿಂದಲೂ ಪ್ರಾಟೆಸ್ಟೆಂಟ್ ಮಿಷನ್ ಇತ್ತು, ಅಚ್ಚುಕೂಟವಿತ್ತು. ಅಲ್ಲಿನ ಜರ್ಮನ್ ಪಾದ್ರಿಗಳು ಶಂಖ, ಚಿಪ್ಪು, ಗಿಡಮೂಲಿಕೆ, ಮೀನುಗಳನ್ನು ಸಂಗ್ರಹಿಸಿ ಯೂರೋಪಿಗೆ ಕಳುಹಿಸುತ್ತಿದ್ದ ವಿಜ್ಞಾನಾಸಕ್ತರು. ವೇದನಾಯಕಂ ಅಲ್ಲಿ ದೈವಶಾಸ್ತ್ರದ ಜೊತೆಗೆ ಖಗೋಳ, ಭೂಗೋಳಗಳನ್ನೂ ಕಲಿತರು. ಭೂಮಿ ಸೂರ್ಯನ ಸುತ್ತ ತಿರುಗುತ್ತದೆಂಬುದನ್ನು ಕಾವೇರಿ ತೀರದ ಈ ತರುಣ ಆ ಕಾಲಕ್ಕೇ ಪಾಠವಾಗಿ ಓದಿದ್ದರು. ಇಪ್ಪತ್ತರ ಹರೆಯದ ಹೊತ್ತಿಗೆ ತಂಜಾವೂರಿಗೆ ಮರಳಿ ಮಿಷನ್ ಶಾಲೆಯ ಮುಖ್ಯೋಪಾಧ್ಯಾಯರಾದರು. 1798ರ ಫೆಬ್ರವರಿಯಲ್ಲಿ ಷ್ವಾರ್ಟ್ಸ್ ತೀರಿಕೊಂಡರು. ಅದೇ ವರ್ಷ ಶರಭೋಜಿ ಸಿಂಹಾಸನವೇರಿದ. ಮಾರನೆಯ ವರ್ಷ ಕಂಪನಿ ಅವನ ರಾಜ್ಯಾಡಳಿತವನ್ನೆಲ್ಲ ಕಿತ್ತುಕೊಂಡು ಕೋಟೆಯನ್ನೂ ಸುತ್ತಲಿನ ಸ್ವಲ್ಪ ನೆಲವನ್ನೂ ಮಾತ್ರ ಉಳಿಸಿತು. ಆಳಲು ರಾಜ್ಯವಿಲ್ಲದ ಅರಸ ವಿದ್ಯೆಯನ್ನು ಆಳಿದ. ಸರಸ್ವತಿ ಮಹಲ್ ಗ್ರಂಥಭಂಡಾರವನ್ನು ಬೆಳೆಸಿದ, ಧನ್ವಂತರಿ ಮಹಲ್ ಎಂಬ ವೈದ್ಯಶಾಲೆ ನಡೆಸಿದ. ಅಲ್ಲಿ ಕಣ್ಣಿನ ರೋಗಿಗಳ ಚಿಕಿತ್ಸೆಯನ್ನು ಬಣ್ಣದ ಚಿತ್ರಗಳ ಸಮೇತ ದಾಖಲಿಸಿದ ಹಾಳೆಗಳು ಈಗಲೂ ಉಳಿದಿವೆ. ವೈದ್ಯನಾದ ನನಗೆ ಅವುಗಳ ವಿಷಯ ಬರೆಯುತ್ತಾ ಕೂತರೆ ಈ ಸ್ಮರಣ ಸಂಚಿಕೆಯೇ ಸಾಲದು. ಆದ್ದರಿಂದ ಕೊರವಂಜಿಗೆ ಬರುತ್ತೇನೆ.

ಕೊರವಂಜಿ ಎಂದೊಡನೆ ನಮ್ಮ ಹಿರಿಯ ಓದುಗರಿಗೆ ಡಾ. ಎಂ. ಶಿವರಾಂ ಅವರ, ಅಂದರೆ 'ರಾಶಿ'ಯವರ ಹಾಸ್ಯ ಮಾಸಪತ್ರಿಕೆ ನೆನಪಾಗುವುದು ಸಹಜ. 1942ರಿಂದ 1967ರವರೆಗೆ ಇಪ್ಪತ್ತೈದು ವರ್ಷ ಕನ್ನಡಿಗರನ್ನು ನಗಿಸಿದ ಆ ಪತ್ರಿಕೆಗೆ ರಾಶಿಯವರು ಆ ಹೆಸರು ಇಟ್ಟದ್ದು ಸುಮ್ಮನೆ ಅಲ್ಲ. ಕಾಡಿನಿಂದ ಬುಟ್ಟಿ ಹೊತ್ತು ಬರುವ ಕೊರವರ ಹೆಣ್ಣು ಯಾರ ಮುಲಾಜೂ ಇಲ್ಲದವಳು. ಅರಮನೆಯ ಅಂತಃಪುರಕ್ಕೂ ಹೋಗುತ್ತಾಳೆ, ರಾಣಿಯ ಕೈ ಹಿಡಿದು ಇದ್ದದ್ದನ್ನು ಇದ್ದಂತೆ ಹೇಳುತ್ತಾಳೆ, ನಗಿಸುತ್ತಾಳೆ, ಹೊಸ ಸೀರೆಯನ್ನೂ ಅಕ್ಕಿಯನ್ನೂ ಇಸಿದುಕೊಂಡು ಹೋಗುತ್ತಾಳೆ.

ತಮಿಳಿನಲ್ಲಿ ಇದು ಒಂದು ಪೂರ್ಣ ನಾಟ್ಯಪ್ರಕಾರವಾಗಿ ಬೆಳೆದಿತ್ತು. ಹದಿನೆಂಟನೆಯ ಶತಮಾನದ 'ಕುಟ್ರಾಲ ಕುರವಂಜಿ' ಇದಕ್ಕೆ ಮಾದರಿ. ಕಥೆಯ ಚೌಕಟ್ಟು ಸಾಮಾನ್ಯವಾಗಿ ಒಂದೇ. ದೇವರು ಮೆರವಣಿಗೆಯಲ್ಲಿ ಬರುತ್ತಾನೆ. ನಾಯಕಿ ನೋಡಿ ಮರುಳಾಗುತ್ತಾಳೆ, ಊಟ ನಿದ್ದೆ ಬಿಡುತ್ತಾಳೆ. ಆಗ ಕೊರವಂಜಿ ಬಂದು ತನ್ನ ಬೆಟ್ಟದ, ನಾಡಿನ ವೈಭವವನ್ನು ಹಾಡಿ, ಕೈ ನೋಡಿ, ನಿನ್ನ ನಲ್ಲ ಇಂಥ ದೇವರು, ನಿನಗೆ ಸಿಕ್ಕೇ ಸಿಗುತ್ತಾನೆ ಎಂದು ಕಣಿ ಹೇಳುತ್ತಾಳೆ. ನಾಯಕಿ ಮೈತುಂಬ ಒಡವೆ ಕೊಡುತ್ತಾಳೆ. ಇಷ್ಟಾಗುವಾಗ ಹಾಸ್ಯದ ಭಾಗ ಶುರು. ಕೊರವಂಜಿ ಸಿಂಗಿಯ ಗಂಡ ಸಿಂಗ ಹಕ್ಕಿ ಹಿಡಿಯುವವನು. ಜೊತೆಗೆ ಒಬ್ಬ ಎಡವಟ್ಟು ಸಹಾಯಕ. ಬಲೆ ಬೀಸಿದರೂ ಸಿಂಗನ ಮನಸ್ಸೆಲ್ಲ ಹೆಂಡತಿಯ ಮೇಲೆ, ಹಕ್ಕಿಗಳೆಲ್ಲ ಹಾರಿಹೋಗುತ್ತವೆ. ಅಂತೂ ಅವಳು ಸಿಕ್ಕಾಗ ಒಡವೆಗಳನ್ನು ಕಂಡು ಅವನಿಗೆ ಗಾಬರಿ. ಎಂದೂ ಚಿನ್ನ ಕಾಣದವನಾದ್ದರಿಂದ ಕಾಲಿಗೆ ಹಾವು ಸುತ್ತಿಕೊಂಡಿದೆಯೋ ಏನೋ ಎಂದು ಕೇಳುತ್ತಾನೆ, ಒಳಗೊಳಗೇ ಅನುಮಾನವನ್ನೂ ಪಡುತ್ತಾನೆ. ಅವಳು ಒಂದೊಂದಕ್ಕೂ ಚುರುಕಾಗಿ ಉತ್ತರ ಕೊಡುತ್ತಾಳೆ. ನಮ್ಮ ಯಕ್ಷಗಾನದ ಹಾಸ್ಯಗಾರನ ಪ್ರಸಂಗ ನೋಡಿದವರಿಗೆ ಇದರ ರುಚಿಯನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ.

ವೇದನಾಯಕಂ ಶಾಸ್ತ್ರಿಗಳು 1800ರ ಸುಮಾರಿನಲ್ಲಿ ಈ ಇಡೀ ಚೌಕಟ್ಟನ್ನು ಕದಲಿಸದೆ ಎತ್ತಿ ಬೆತ್ಲೆಹೇಮಿನಲ್ಲಿಟ್ಟರು. 'ಬೆತ್ಲೆಹೇಮ್ ಕುರವಂಜಿ'ಯಲ್ಲಿ ಮೆರವಣಿಗೆ ಬರುವವನು ಯೇಸು. ಮರುಳಾಗುವ ನಾಯಕಿ ದೇವಮೋಹಿನಿ, ಸೀಯೋನಿನ ಕುಮಾರಿ, ಅಂದರೆ ಕ್ರಿಸ್ತಸಭೆ. ಕಣಿ ಹೇಳುವ ಸಿಂಗಿಯೇ ವಿಶ್ವಾಸ. ಅವಳು ಹಾಡುವ ಬೆಟ್ಟಗಳು ಬೈಬಲಿನ ಬೆಟ್ಟಗಳು. ಅವಳ ಗಂಡ ಸಿಂಗನು ಯಾರೆಂದುಕೊಂಡಿರಿ? ಊರೂರು ಅಲೆದು ಸುವಾರ್ತೆ ಸಾರುವ ಉಪದೇಶಿ! ಹಕ್ಕಿಗಳು ಮನುಷ್ಯರ ಆತ್ಮಗಳು, ಬಲೆ ವೇದವಾಕ್ಯ. ಯೇಸು ತನ್ನ ಶಿಷ್ಯರನ್ನು ಮನುಷ್ಯರನ್ನು ಹಿಡಿಯುವ ಬೆಸ್ತರನ್ನಾಗಿ ಮಾಡುವೆನೆಂದ ಪ್ರಸಂಗ ಬೈಬಲಿನಲ್ಲಿದೆ. ಶಾಸ್ತ್ರಿಗಳು ಬೆಸ್ತರ ಬದಲು ಹಕ್ಕಿ ಹಿಡಿಯುವ ಕೊರವನನ್ನು ತಂದರು.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಶಾಸ್ತ್ರಿಗಳು ಸ್ವತಃ ಉಪದೇಶಿಯ ಮಗ, ತಾವೂ ಅದೇ ವೃತ್ತಿಯ ಆಸುಪಾಸಿನವರು. ಪರಂಪರೆಯಿಂದ ಜನ ನಗುತ್ತಾ ಬಂದ ವೇಷವನ್ನು ತಮ್ಮ ವರ್ಗಕ್ಕೇ ತೊಡಿಸಿದರು. ಬೇರೆ ಮತದವರನ್ನು ಗೇಲಿ ಮಾಡುವುದು ಸುಲಭ. ತನ್ನ ಮತದ ಬೋಧಕನನ್ನೇ ಬಲೆ ಹೊತ್ತು ಅಲೆಯುವ ಕೊರವನನ್ನಾಗಿ ಮಾಡಿ ಸಭೆಯ ಮುಂದೆ ನಿಲ್ಲಿಸಲು ಧೈರ್ಯ ಬೇಕು. ನಮ್ಮ ಮಾಸ್ಟರ್ ಹಿರಣ್ಣಯ್ಯನವರಿಗಿದ್ದಂಥ ಧೈರ್ಯ ಎನ್ನಬಹುದೇನೋ, ಆದರೆ ಶಾಸ್ತ್ರಿಗಳದು ಹೆಚ್ಚು ಮೃದು.

ಈ ಕೃತಿಯಲ್ಲಿ ಶಾಸ್ತ್ರಿಗಳು ತರಂಗಂಬಾಡಿಯಲ್ಲಿ ಕಲಿತ ಖಗೋಳವನ್ನೂ ಬಿಟ್ಟಿಲ್ಲ. ಸೂರ್ಯನನ್ನು ನಡುವೆ ಇಟ್ಟು ಗ್ರಹಗಳ ಚಲನೆಯನ್ನು ತಮಿಳು ಹಾಡಿನಲ್ಲಿ ವರ್ಣಿಸಿದ್ದಾರೆ. ಬೆಳ್ಳಿಚುಕ್ಕಿಯನ್ನು ಹಿಂಬಾಲಿಸಿ ಬಂದ ಜ್ಞಾನಿಗಳ ಬೆತ್ಲೆಹೇಮಿನ ಕಥೆಗೆ ಅದು ಹೊಂದಿಕೊಂಡೂ ಬಿಟ್ಟಿದೆ. ಇನ್ನೊಂದು ಸ್ವಾರಸ್ಯವೆಂದರೆ, ಶರಭೋಜಿ ಮಹಾರಾಜನ ಹೆಸರಿನಲ್ಲಿ ಮರಾಠಿಯಲ್ಲಿ 'ದೇವೇಂದ್ರ ಕುರವಂಜಿ' ಎಂಬ ಕೃತಿಯಿದೆ. ಅದರಲ್ಲಿ ಕೊರವಂಜಿಯು ಇಂದ್ರಾಣಿಗೆ ಪ್ರಪಂಚದ ಭೂಗೋಳವನ್ನು ಪಾಠ ಹೇಳುತ್ತಾಳೆ. ಒಬ್ಬರೇ ಗುರುವಿನ ಆಶ್ರಯದಲ್ಲಿ ಬೆಳೆದ ಇಬ್ಬರು, ಒಬ್ಬ ಕ್ರೈಸ್ತ, ಒಬ್ಬ ಹಿಂದೂ ಅರಸ. ಇಬ್ಬರೂ ಹೊಸ ವಿಜ್ಞಾನವನ್ನು ತಂದದ್ದು ಬುಟ್ಟಿ ಹೊತ್ತ ಕೊರವರ ಹೆಣ್ಣಿನ ನಾಟಕಕ್ಕೆ.

ಶಾಸ್ತ್ರಿಗಳು ಇಷ್ಟಕ್ಕೇ ನಿಲ್ಲಲಿಲ್ಲ. ಜನ ಯಾವ ಯಾವ ಧಾಟಿಗೆ ಕಾಲು ಕುಣಿಸುತ್ತಾರೋ ಆ ಧಾಟಿಗಳನ್ನೆಲ್ಲ ಚರ್ಚಿಗೆ ತಂದರು. ಹೆಂಗಸರು ಸುತ್ತುಗಟ್ಟಿ ಕೈ ತಟ್ಟುತ್ತಾ ಆಡುವ ಕುಮ್ಮಿ ಹಾಡಿನ ಮಟ್ಟಿನಲ್ಲಿ 1814ರಲ್ಲಿ 'ಶಾಸ್ತ್ರಕ್ಕುಮ್ಮಿ' ಬರೆದು ಶಕುನ, ಮಾಟ ಮುಂತಾದ ಮೂಢನಂಬಿಕೆಗಳನ್ನು ಹಾಸ್ಯ ಮಾಡಿದರು. ಏತದಲ್ಲಿ ನೀರೆತ್ತುವವರ ಹಾಡಿನ ಧಾಟಿಯಲ್ಲಿ 'ಜ್ಞಾನ ಏತದ ಹಾಡು' ಕಟ್ಟಿದರು. ತಮಿಳಿನಲ್ಲಿ 'ನೊಂಡಿ ನಾಟಕ' ಎಂಬ ಇನ್ನೊಂದು ವಿನೋದದ ಪ್ರಕಾರವಿದೆ. ಅದರಲ್ಲಿ ಕುಂಟನೊಬ್ಬ ರಂಗಕ್ಕೆ ಬಂದು, ತಾನು ಸೂಳೆಯ ಸಹವಾಸದಲ್ಲಿ ಹಣ ಕಳೆದದ್ದು, ಕುದುರೆ ಕದಿಯಲು ಹೋಗಿ ಸಿಕ್ಕಿಬಿದ್ದು ಕಾಲು ಕಳೆದುಕೊಂಡದ್ದು ಎಲ್ಲವನ್ನೂ ತಾನೇ ತಮಾಷೆಯಾಗಿ ಹೇಳಿಕೊಂಡು, ಕೊನೆಗೆ ದೇವರ ಕೃಪೆಯಿಂದ ಕಾಲು ಪಡೆಯುತ್ತಾನೆ. ಪಾಪ, ಪಶ್ಚಾತ್ತಾಪ, ಕ್ಷಮೆ - ಕ್ರೈಸ್ತ ಬೋಧಕನಿಗೆ ಇದಕ್ಕಿಂತ ಒಳ್ಳೆಯ ಕಥಾವಸ್ತು ಎಲ್ಲಿ ಸಿಗಬೇಕು? ಶಾಸ್ತ್ರಿಗಳು 'ಜ್ಞಾನ ನೊಂಡಿ ನಾಟಕ' ಬರೆದರು. ಅವರ ಕೃತಿಗಳ ಸಂಖ್ಯೆ ನೂರನ್ನು ಮೀರುತ್ತದೆ. ಶಿಷ್ಯರ ಮೇಳ ಕಟ್ಟಿಕೊಂಡು ಊರೂರಿನ ಕ್ರೈಸ್ತಸಭೆಗಳಲ್ಲಿ ಹಾಡಿದರು. ಸುವಾರ್ತೆಯ ಕವಿ ಎಂಬರ್ಥದ ಬಿರುದು ಅವರಿಗೆ ಅಂಟಿಕೊಂಡಿತು.

ಇದೆಲ್ಲ ಅಷ್ಟು ಸಹಜವಾಗಿ ನಡೆದುಹೋದದ್ದೇ ಆಶ್ಚರ್ಯ. ಯೂರೋಪಿನಲ್ಲಿ ಮಧ್ಯಯುಗದ ಚರ್ಚು ನಾಟಕಕ್ಕೆ ಬಾಗಿಲು ತೆರೆದಿತ್ತು. ನೋಹನ ಹೆಂಡತಿ ಹಡಗು ಹತ್ತಲೊಲ್ಲೆನೆಂದು ಗಂಡನೊಡನೆ ಜಗಳವಾಡುವ ದೃಶ್ಯಕ್ಕೆ ಇಂಗ್ಲೆಂಡಿನ ಪೇಟೆಬೀದಿಗಳಲ್ಲಿ ಜನ ನಗುತ್ತಿದ್ದರು. ಆದರೆ ಸುಧಾರಣೆಯ ನಂತರ ಗಾಳಿ ತಿರುಗಿತು. ಪ್ಯೂರಿಟನ್ನರ ಕಾಲದಲ್ಲಿ, 1642ರಲ್ಲಿ, ಲಂಡನ್ನಿನ ನಾಟಕಶಾಲೆಗಳನ್ನೇ ಮುಚ್ಚಿಸಿದರು. ತರಂಗಂಬಾಡಿಗೆ ಪಾದ್ರಿಗಳನ್ನು ಕಳುಹಿಸುತ್ತಿದ್ದ ಜರ್ಮನಿಯ ಹಾಲೆ ಪಟ್ಟಣದ ಭಕ್ತಪಂಥದವರಿಗೂ ನಾಟಕ, ನೃತ್ಯ ಎಂದರೆ ಆಗದು. ಆದರೂ ಷ್ವಾರ್ಟ್ಸ್ ಮತ್ತು ಅವರ ಪೀಳಿಗೆಯವರು ತಮಿಳರ ರೀತಿನೀತಿಗಳಿಗೆ ಅಡ್ಡ ಬರಲಿಲ್ಲ. ಈ ಉದಾರತೆಯ ಬೆನ್ನಿನಲ್ಲೇ ಇನ್ನೊಂದು ಸಂಗತಿ ಇತ್ತು. ಶಾಸ್ತ್ರಿಗಳ ಜೀವನಚರಿತ್ರೆ ಬರೆಯುವವರು ಅದನ್ನು ದಾಟಿಹೋಗುವುದು ಸಾಧ್ಯವಿಲ್ಲ, ನನಗಂತೂ ಇಷ್ಟವೂ ಇಲ್ಲ.

ತಂಜಾವೂರಿನ ಚರ್ಚಿನಲ್ಲಿ ವೆಳ್ಳಾಳರು ಒಂದು ಕಡೆ, ಅಸ್ಪೃಶ್ಯರೆನಿಸಿಕೊಂಡಿದ್ದ ಜಾತಿಗಳ ಕ್ರೈಸ್ತರು ಇನ್ನೊಂದು ಕಡೆ ಕೂರುತ್ತಿದ್ದರು. ಸೂರು ಒಂದೇ, ಚಾಪೆ ಬೇರೆ. ಪ್ರಭುಭೋಜನದ ಪಾತ್ರೆಯಿಂದ ಮೊದಲು ಕುಡಿಯುವವರು ಮೇಲಿನವರು. ಷ್ವಾರ್ಟ್ಸ್ ಇದನ್ನು ಸಹಿಸಿಕೊಂಡರು. ಕಾಲಕ್ರಮೇಣ ತಾನಾಗಿ ಹೋದೀತೆಂಬುದು ಅವರ ಆಸೆಯಾಗಿತ್ತು. ಹೋಗಲಿಲ್ಲ.

1820ರ ದಶಕದಲ್ಲಿ ಹೊಸ ಪೀಳಿಗೆಯ ಪಾದ್ರಿಗಳು ಬಂದರು. ಒಟ್ಟಿಗೆ ಕೂರಬೇಕು, ಒಂದೇ ಪಾತ್ರೆಯಿಂದ ಭೇದವಿಲ್ಲದೆ ಕುಡಿಯಬೇಕು ಎಂದು ಪಟ್ಟು ಹಿಡಿದರು. ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ಎರಡು ಕೈಯೆತ್ತಿ ಮುಗಿಯುತ್ತಿದ್ದೆ. ಅದರ ಜೊತೆಗೇ ಚರ್ಚಿನಲ್ಲಿ ತಮಿಳು ಕೀರ್ತನೆಗಳೂ ವಾದ್ಯಗಳೂ ಬೇಡ, ಮದುವೆಗೆ ಹೂವು ಬೇಡ, ಹಳೆಯ ಬೈಬಲ್ ಅನುವಾದವೂ ಬೇಡ ಎಂದರು. ಅವರ ಲೆಕ್ಕದಲ್ಲಿ ಜಾತಿ, ಮೃದಂಗ, ಮಲ್ಲಿಗೆ ಎಲ್ಲವೂ ಒಂದೇ ಕೊಳೆ, ಒಂದೇ ಸಲ ತೊಳೆಯಬೇಕಾದದ್ದು.

ಶಾಸ್ತ್ರಿಗಳ ಲೆಕ್ಕವೂ ವಿಚಿತ್ರವೆಂದರೆ ಹಾಗೆಯೇ ಇತ್ತು, ತಿರುಗುಮುರುಗಾಗಿ. ಇವೆಲ್ಲವೂ ಒಂದೇ ಮರ್ಯಾದೆ, ಒಂದನ್ನೂ ಬಿಡಲಾಗದು. ಅವರು ಪ್ರತಿಭಟನೆಯ ಮುಂದಾಳಾದರು. ಅರ್ಜಿಗಳನ್ನು ಬರೆದರು, ಜಾತಿಯ ಆಚಾರವನ್ನು ಸಮರ್ಥಿಸಿ ಗ್ರಂಥ ಬರೆದರು. ಕೀರ್ತನೆಯನ್ನು ಕಸಿದುಕೊಂಡದ್ದೂ, ಕೆಳಜಾತಿಯವರ ಪಕ್ಕದಲ್ಲಿ ಕೂರಿಸಿದ್ದೂ ಅವರ ದೂರುಪಟ್ಟಿಯಲ್ಲಿ ಅಕ್ಕಪಕ್ಕದಲ್ಲೇ ಇವೆ. ಜಾತಿಯೆಂಬುದು ಲೋಕದ ಮರ್ಯಾದೆ, ಅದಕ್ಕೂ ಆತ್ಮದ ಉದ್ಧಾರಕ್ಕೂ ಸಂಬಂಧವಿಲ್ಲ ಎಂಬುದು ಅವರ ವಾದದ ತಿರುಳು. ಅನ್ಯಜಾತಿಯ ಕೊರವಂಜಿಯ ಬಾಯಲ್ಲಿ ದೇವರ ಸತ್ಯವನ್ನೇ ಹೇಳಿಸಿದ ಕವಿ ಅವರು. ರಂಗದ ಮೇಲೆ ಅವಳು ಸೀಯೋನಿನ ಕುಮಾರಿಯ ಕೈ ಹಿಡಿಯಬಹುದಿತ್ತು. ಚರ್ಚಿನೊಳಗೆ ಅವಳಂಥವಳು ಕವಿಯ ಮನೆಯವರ ಪಕ್ಕದಲ್ಲಿ ಕೂರುವಂತಿರಲಿಲ್ಲ. ಇದನ್ನು ಮೊದಲ ಬಾರಿ ಓದಿದಾಗ ನನಗೆ ನುಂಗಲಾರದ ತುತ್ತಾಯಿತು. ಆ ಕಾಲವೇ ಹಾಗಿತ್ತು ಎಂದು ಸಮಾಧಾನ ಹೇಳಿಕೊಳ್ಳಲೂ ಆಗುವುದಿಲ್ಲ. ಅದೇ ಕಾಲದ ಅದೇ ಚರ್ಚಿನಲ್ಲಿ ಇನ್ನೊಂದು ಬದಿಗೆ ಕೂತವರೂ ಇದ್ದರಲ್ಲ.

1826ರ ಮಾರ್ಚ್ ಕೊನೆಯಲ್ಲಿ ಕಲ್ಕತ್ತದ ಬಿಷಪ್ ರೆಜಿನಾಲ್ಡ್ ಹೀಬರ್ ತಂಜಾವೂರಿಗೆ ಬಂದರು. ಸ್ವತಃ ಕವಿ, ಮೃದು ಸ್ವಭಾವದವರು. ಜಾತಿಯ ತಂಟೆಯನ್ನು ವಿಚಾರಿಸಲು ತೊಡಗಿದ್ದರು, ನಯವಾಗಿ ಹೋಗಬೇಕೆಂಬ ಒಲವೂ ಅವರಿಗಿತ್ತು. ಆದರೆ ಅಲ್ಲಿಂದ ತಿರುಚಿನಾಪಳ್ಳಿಗೆ ಹೋದವರು ಏಪ್ರಿಲ್ 3ರಂದು ಸ್ನಾನದ ಕೊಳದಲ್ಲಿ ಪ್ರಾಣಬಿಟ್ಟರು. ವಯಸ್ಸು 42. ಬೇಸಿಗೆಯ ಆ ಬಿಸಿಲಿನಲ್ಲಿ ದಣಿದ ದೇಹ ಒಮ್ಮೆಲೇ ತಣ್ಣೀರಿಗಿಳಿದರೆ ಏನಾಗಬಹುದೆಂದು ವೈದ್ಯನಾಗಿ ಊಹಿಸಬಲ್ಲೆ. ಅವರೊಡನೆ ಸಂಧಾನದ ಆಸೆಯೂ ಹೋಯಿತು. 1833ರಲ್ಲಿ ಬಿಷಪ್ ಡೇನಿಯಲ್ ವಿಲ್ಸನ್ ಜಾತಿಭೇದವನ್ನು ಚರ್ಚಿನಲ್ಲಿ ಸಂಪೂರ್ಣವಾಗಿ, ತಕ್ಷಣವೇ ಬಿಡಬೇಕೆಂದು ಆಜ್ಞೆ ಹೊರಡಿಸಿದರು. ತಂಜಾವೂರಿನ ಸಭೆ ಒಡೆಯಿತು. ಅನೇಕ ಕುಟುಂಬಗಳು ಹೊರನಡೆದವು. ಕೆಲವು ಮುಂದೆ ಲೂಥರನ್ ಚರ್ಚನ್ನು ಸೇರಿದವು.

ಈ ಜಗಳದ ನಡುವೆ ಶಾಸ್ತ್ರಿಗಳ ಮಿಷನ್ ಕೆಲಸ ಹೋಯಿತು. ಕೈ ಹಿಡಿದವನು ಹಳೆಯ ಸಹಪಾಠಿ. 1829ರಲ್ಲಿ ಶರಭೋಜಿ ಇವರನ್ನು ಆಸ್ಥಾನಕವಿಯನ್ನಾಗಿ ಮಾಡಿಕೊಂಡ. ಶರಭೋಜಿಯ ಮೇಲೂ ಒಂದು ಕುರವಂಜಿ ನಾಟಕವಿತ್ತು; ಅದನ್ನು ಬೃಹದೀಶ್ವರ ದೇವಾಲಯದಲ್ಲಿ ಆಡುತ್ತಿದ್ದರು. ಬೃಹದೀಶ್ವರನ ಸ್ತುತಿಯಾಗಿ ಏನಾದರೂ ಬರೆದುಕೊಡಬೇಕೆಂದು ಅರಸ ಕೇಳಿದಾಗ ಶಾಸ್ತ್ರಿಗಳು ನಮ್ರತೆಯಿಂದಲೇ ಆದರೆ ಖಂಡಿತವಾಗಿ ಒಲ್ಲೆನೆಂದರೆಂದೂ, ಅರಸ ಬೇಸರಪಡದೆ ಸಂಭಾವನೆಯನ್ನು ಮುಂದುವರಿಸಿದನೆಂದೂ ಪ್ರತೀತಿ ಇದೆ. ಇಬ್ಬರ ದೊಡ್ಡತನವೂ ಇದರಲ್ಲಿ ಕಾಣುತ್ತದೆ. 1832ರಲ್ಲಿ ಶರಭೋಜಿ ತೀರಿಕೊಂಡ. ಆಸ್ಥಾನದ ಆಶ್ರಯವೂ ಅವನೊಂದಿಗೆ ಹೋಯಿತು. ಆ ಮೇಲೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಶಾಸ್ತ್ರಿಗಳು ಬದುಕಿದರು, ಬಡತನದಲ್ಲಿ, ಹಾಡುತ್ತಾ. ತಂಜಾವೂರು ಸಂಸ್ಥಾನವೇ 1855ರಲ್ಲಿ ಕಂಪನಿಯ ಪಾಲಾದದ್ದನ್ನೂ ಕಂಡರು. 1864ರ ಜನವರಿ 24ರಂದು ತೊಂಬತ್ತರ ಹೊಸ್ತಿಲಿನಲ್ಲಿ ಕಣ್ಣುಮುಚ್ಚಿದರು.

ಅದಕ್ಕೆ ಎರಡು ವರ್ಷ ಮುಂಚೆ, 1862ರಲ್ಲಿ, ನಮ್ಮ ಮಂಗಳೂರಿನಲ್ಲಿ ಕಿಟೆಲ್ ಸಾಹೇಬರು ಯೇಸುವಿನ ಚರಿತ್ರೆಯನ್ನು ನಮ್ಮ ಛಂದಸ್ಸುಗಳಲ್ಲಿ 'ಕಥಾಮಾಲೆ' ಎಂಬ ಹೆಸರಿನಿಂದ ಹೊರತಂದಿದ್ದರು. ನಿಘಂಟಿನ ಕಿಟೆಲ್ಲರನ್ನು ಬಲ್ಲ ನಾವು ಕಥಾಮಾಲೆಯ ಕಿಟೆಲ್ಲರನ್ನು ಮರೆತಿದ್ದೇವೆ. ಆದರೆ ಅವರು ಕೂಡ ಕೊರವಂಜಿಯವರೆಗೆ ಹೋಗಲಿಲ್ಲ. ನಗಿಸುವ ಕೆಲಸ ಶಾಸ್ತ್ರಿಗಳದೇ ಆಗಿ ಉಳಿಯಿತು. ಅವರ ವಂಶದವರು ಶಾಸ್ತ್ರಿ ಎಂಬ ಹೆಸರನ್ನು ಉಳಿಸ‌ಿಕೊಂಡು, ನಮ್ಮ ಹರಿಕಥೆಯಂತೆಯೇ ಮೃದಂಗ ತಾಳಗಳೊಡನೆ ಬೈಬಲಿನ ಕಥಾಕಾಲಕ್ಷೇಪ ಮಾಡುತ್ತಾ ಬಂದರು. ಹೊಸ ಪಾದ್ರಿಗಳು ಬೇಡವೆಂದಿದ್ದ ಕೀರ್ತನೆಗಳು ನಿಧಾನವಾಗಿ ಚರ್ಚಿಗೆ ಹಿಂತಿರುಗಿದವು. ತಮಿಳು ಪ್ರಾಟೆಸ್ಟೆಂಟ್ ಸಭೆಗಳ ಕೀರ್ತನೆಯ ಪುಸ್ತಕದಲ್ಲಿ ಶಾಸ್ತ್ರಿಗಳ ರಚನೆಗಳು ಇಂದಿಗೂ ಇವೆ.

ರಾತ್ರಿಪಾಳಿಯ ನನ್ನ ಗೆಳೆಯನಿಗೆ ಆ ಡುವಾಲ್ ನಾಟಕದ ಮರುದಿನ ಫೋನು ಮಾಡಿದೆ. ಬಹಳ ವರ್ಷಗಳ ಮೇಲೆ ಮಾತನಾಡಿದ್ದು. ಶಾಸ್ತ್ರಿಗಳ ವಿಷಯ ಎತ್ತಿ, ಜಾತಿಯ ಜಗಳದ ಬಗ್ಗೆ ಓದಿದ್ದನ್ನೂ ಸ್ವಲ್ಪ ಹಿಂಜರಿಯುತ್ತಲೇ ಹೇಳಿದೆ, ಅವನಿಗೆ ನೋವಾದೀತೇನೋ ಎಂದು. ಅವನು ನಕ್ಕ. ತನ್ನ ಹಿರಿಯರು ಆ ಚರ್ಚಿನಲ್ಲಿ ಕೂರುತ್ತಿದ್ದುದು ಇನ್ನೊಂದು ಬದಿಯಲ್ಲಿ ಎಂದ. ರೆಸಿಡೆನ್ಸಿಯ ಮೂರು ವರ್ಷದಲ್ಲಿ ಇದನ್ನು ನಾನು ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ. ಆ ಹಾಡನ್ನು ಅವನಿಗೆ ಕಲಿಸಿದವಳು ಅವನ ಅಜ್ಜಿಯಂತೆ. ಭತ್ತ ಕುಟ್ಟುವಾಗ ಹಾಡುತ್ತಿದ್ದಳಂತೆ. ಶಾಸ್ತ್ರಿಗಳ ಜಗಳದ ವಿಷಯ ಅಜ್ಜಿಗೆ ಗೊತ್ತಿತ್ತೇ ಎಂದು ಕೇಳಿದೆ. ಚೆನ್ನಾಗಿ ಗೊತ್ತಿತ್ತಂತೆ. ಸಿಂಗ ಹಕ್ಕಿ ಹಿಡಿಯಲು ಹೋಗಿ ಎಡವುವ ಭಾಗವನ್ನು ಅಭಿನಯಿಸಿ ತೋರಿಸುವಾಗ, ಆ ಸಿಂಗನಿಗೆ ಅವಳು ಶಾಸ್ತ್ರಿಗಳದೇ ಗತ್ತಿನ ನಡಿಗೆಯನ್ನು ಕೊಡುತ್ತಿದ್ದಳಂತೆ, ಅವರನ್ನು ಕಣ್ಣಾರೆ ಕಂಡವಳ ಹಾಗೆ, ಮೊಮ್ಮಕ್ಕಳೆಲ್ಲ ಉರುಳಾಡಿ ನಗುವಂತೆ.